ಅಡವಿಗೆ ಹೋದ ಸರ: ಸಣ್ಣಕಥೆಯನ್ನು ಮಗುವಿನ ಬಾಯಲ್ಲಿ ಹೇಳಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ಕಥೆ ಬರೆದಿದ್ದೆ. ಏಳು ವರ್ಷದ ಹುಡುಗ ಹೇಳುವ ಕಥೆ. ಮನೆಯಲ್ಲಿ ಸಾಲ. ಅಮ್ಮನ ಚಿನ್ನದ ಸರ ಅಡವು ಇಟ್ಟಿದ್ದಾರೆ. ಅಪ್ಪ ಊಟದ ಹೊತ್ತಿಗೂ ಮಾತಾಡುವುದಿಲ್ಲ. ಬರೆದು ಮುಗಿಸಿದಾಗ ನನಗೇ ಗಂಟಲು ಕಟ್ಟಿತ್ತು. ಅದೇ ಹುರುಪಿನಲ್ಲಿ ಒಬ್ಬ ಗೆಳೆಯನಿಗೆ ಓದಲು ಕೊಟ್ಟೆ. ಅವನು ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟು ಎಳೆದು, ಅಂಚಿನಲ್ಲಿ "ಈ ಹುಡುಗ ಎಂ.ಎ. ಮಾಡಿದ್ದು ಎಲ್ಲಿ?" ಅಂತ ಬರೆದು ವಾಪಸ್ ಕೊಟ್ಟ.

ಗೀಟು ಬಿದ್ದ ಸಾಲು ಇದು: "ಅಮ್ಮನ ಬರಿದಾದ ಕೊರಳಲ್ಲಿ ನಮ್ಮ ಮನೆಯ ಮೌನ ನೇತಾಡುತ್ತಿತ್ತು."

ಸಿಟ್ಟು ಬಂತು. ಎರಡು ದಿನ ಅವನಿಗೆ ಫೋನ್ ಮಾಡಲಿಲ್ಲ. ಆಮೇಲೆ ತಣ್ಣಗೆ ಕೂತು ಓದಿದರೆ ಅವನ ಮಾತು ಸರಿ. ಎರಡನೇ ಕ್ಲಾಸಿನ ಹುಡುಗನಿಗೆ ಮೌನ ನೇತಾಡುವುದು ಕಾಣಿಸುವುದಿಲ್ಲ. ಅವನಿಗೆ ಕಾಣುವುದು ಅರಿಶಿನದ ದಾರ. ಮೊನ್ನೆ ಅಲ್ಲಿ ಸರ ಇತ್ತು, ಇವತ್ತು ದಾರ ಇದೆ. ಅಷ್ಟೇ.

ಆ ಕಥೆಯನ್ನು ನಾಲ್ಕು ಸಲ ತಿದ್ದಿದೆ. ತಿದ್ದುತ್ತಾ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮದೇ ಒಂದು ಅರೆಬರೆ ಕಥೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಹೆಜ್ಜೆ 1: ವಯಸ್ಸು ಬರೆದುಕೊಳ್ಳಿ, ಎರಡು ಸಲ

"ಚಿಕ್ಕ ಹುಡುಗ" ಅನ್ನುವವನು ಎಲ್ಲೂ ಇಲ್ಲ. ಐದೂವರೆ ವರ್ಷದವನು ಇರುತ್ತಾನೆ, ಒಂಬತ್ತು ವರ್ಷದವಳು ಇರುತ್ತಾಳೆ. ಆ ಅರ್ಧ ವರ್ಷವನ್ನು ಬಿಟ್ಟು ಹೇಳಿದರೆ ಮಕ್ಕಳು ತಾವೇ ತಿದ್ದುತ್ತಾರೆ, ನೋಡಿರುತ್ತೀರಿ. ಹಾಗಾಗಿ ಕಥೆಗೆ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ವಯಸ್ಸು, ಕ್ಲಾಸು, ಓದಲು ಬರುತ್ತದಾ, ಗಡಿಯಾರ ನೋಡಲು ಬರುತ್ತದಾ, ಮಗ್ಗಿ ಎಷ್ಟರವರೆಗೆ, ಒಬ್ಬನೇ ಅಂಗಡಿಗೆ ಹೋಗುತ್ತಾನಾ, ದೊಡ್ಡ ರಸ್ತೆ ದಾಟುತ್ತಾನಾ.

ಇದು ಸುಮ್ನೆ ಕಾಲಹರಣ ಅನ್ನಿಸಬಹುದು. ಆದರೆ ಗಡಿಯಾರ ನೋಡಲು ಬಾರದ ಮಗು "ನಾಲ್ಕೂವರೆಗೆ ಅಪ್ಪ ಬಂದರು" ಅನ್ನುವುದಿಲ್ಲ. "ಹಾಲಿನವನು ಹೋದಮೇಲೆ ಬಂದರು" ಅನ್ನುತ್ತದೆ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವೇ ಅರ್ಧ ಕೆಲಸ ಮಾಡಿಬಿಡುತ್ತದೆ. ತೀರಾ ಚಿಕ್ಕವರಿಗೆ ನಿನ್ನೆ, ನಾಳೆಯೂ ಕಲಸಿಹೋಗಿರುತ್ತವೆ. "ನಾಳೆ ಅಜ್ಜಿ ಮನೆಗೆ ಹೋಗಿದ್ವಿ" ಅನ್ನುವ ಮೂರು ವರ್ಷದ ಮಗು ನಿಮ್ಮ ಮನೆಯಲ್ಲೂ ಇದ್ದಿರಬೇಕು.

ಯಾವ ವಯಸ್ಸಿಗೆ ಏನು ಸಾಧ್ಯ ಅಂತ ತಿಳಿಯಲು ನನಗೆ ಒಂದು ಹಳೆಯ ಪ್ರಯೋಗ ತುಂಬಾ ಉಪಯೋಗಕ್ಕೆ ಬಂತು. ಮನಶ್ಶಾಸ್ತ್ರಜ್ಞರಾದ ಹೈಂಟ್ಸ್ ವಿಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ್ದು. ಮಕ್ಕಳಿಗೆ ಮ್ಯಾಕ್ಸಿ ಅನ್ನುವ ಹುಡುಗನ ಕಥೆ ಹೇಳುತ್ತಾರೆ. ಮ್ಯಾಕ್ಸಿ ಒಂದು ಕಪಾಟಿನಲ್ಲಿ ಚಾಕಲೇಟ್ ಇಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಆಸುಪಾಸಿನ ಮಕ್ಕಳು ಚಾಕಲೇಟ್ ಈಗ ಇರುವ ಕಪಾಟನ್ನೇ ತೋರಿಸುತ್ತಾರೆ. ನನಗೆ ಗೊತ್ತಿರುವುದು ಮ್ಯಾಕ್ಸಿಗೂ ಗೊತ್ತಿರಲೇಬೇಕು ಅನ್ನುವ ಲೆಕ್ಕ. ನಾಲ್ಕು, ಐದು ವರ್ಷ ದಾಟುತ್ತಾ ಹೋದಂತೆ ಉತ್ತರ ಸರಿಹೋಗುತ್ತದೆ.

ಕಥೆಗಾರರಿಗೆ ಇದರಿಂದ ಏನು? ಮೂರು ವರ್ಷದ ಮಗುವಿನ ಕೈಯಲ್ಲಿ ಗುಟ್ಟು ಕೊಡಬೇಡಿ. ಇನ್ನೊಬ್ಬರ ತಲೆಯಲ್ಲಿ ಬೇರೆ ವಿಷಯ ಇರಬಹುದು ಅನ್ನುವುದೇ ಅದಕ್ಕೆ ಇನ್ನೂ ಸರಿಯಾಗಿ ಹೊಳೆದಿಲ್ಲ. ಏಳು ವರ್ಷದವನ ಕಥೆ ಬೇರೆ. ಅವನು ಗುಟ್ಟು ಕಾಯಬಲ್ಲ, ಸುಳ್ಳು ಹೇಳಬಲ್ಲ, ಇನ್ನೊಬ್ಬರಿಗೆ ಬೇಜಾರಾಗಬಾರದು ಅಂತ ಬಾಯಿ ಮುಚ್ಚಿಕೊಳ್ಳಬಲ್ಲ. ನನ್ನ ಕಥೆಯ ಕೊನೆ ಸಿಕ್ಕಿದ್ದು ಇಲ್ಲಿಂದಲೇ. ಅದನ್ನು ಆಮೇಲೆ ಹೇಳುತ್ತೇನೆ.

ಎರಡನೇ ವಯಸ್ಸು, ಕಥೆ ಹೇಳುವ ದಿನದ ವಯಸ್ಸು. ನಲವತ್ತರ ಮನುಷ್ಯ ಏಳರ ನೆನಪು ಹೇಳುತ್ತಿದ್ದಾನಾ? ಅಥವಾ ನಡೆದ ಮಾರನೆಯ ವಾರವೇ ಹುಡುಗ ಹೇಳುತ್ತಿದ್ದಾನಾ? ಎರಡೂ ಸರಿ. ಎರಡನ್ನೂ ಕಲಸುವುದು ತಪ್ಪು. ನಲವತ್ತರವನಿಗೆ ದೊಡ್ಡ ಪದಗಳು ಸಿಗುತ್ತವೆ, ಆದರೆ ಅವನು ಈಗ ಎಲ್ಲ ಅರ್ಥ ಮಾಡಿಕೊಂಡಿದ್ದಾನೆ ಅಂತ ಓದುಗರು ಕಾಯುತ್ತಾರೆ. ಏಳರವನಿಗೆ ಆ ಪದಗಳು ಇಲ್ಲ, ಆದರೆ ವಿವರಣೆ ಕೊಡುವ ಹಂಗೂ ಇಲ್ಲ. "ಆಗ ನನಗೆ ಅದು ಅರ್ಥವಾಗಿರಲಿಲ್ಲ" ಅನ್ನುವ ವಾಕ್ಯ ನಿಮ್ಮ ಕರಡಿನಲ್ಲಿ ಇದ್ದರೆ, ಹೇಳುತ್ತಿರುವವನು ದೊಡ್ಡವನು. ಅವನೇ ಇರಲಿ ಅಂದರೆ ಇರಲಿ. ಬೇಡ ಅಂದರೆ ವಾಕ್ಯ ಹೊಡೆದುಹಾಕಿ.

ಹೆಜ್ಜೆ 2: ಮೂರು ಪಟ್ಟಿ ಮಾಡಿ, ಮೂರನೆಯದನ್ನು ದೊಡ್ಡದು ಮಾಡಿ

ಮೊದಲ ಪಟ್ಟಿ, ಮಗುವಿಗೆ ಗೊತ್ತಿರುವುದು. ಎರಡನೆಯದು, ಗೊತ್ತಿಲ್ಲದ್ದು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆಗ ಹುಟ್ಟುವುದು ಬಾಯಿ ಬಿಟ್ಟುಕೊಂಡು ನೋಡುವ ಮಗು. "ಅಮ್ಮ ಯಾಕೆ ಅಳುತ್ತಾಳೆ? ಅಪ್ಪ ಯಾಕೆ ಹೀಗೆ?" ಅಂತ ಪುಟಕ್ಕೆ ನಾಲ್ಕು ಪ್ರಶ್ನೆ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಓದುಗರಿಗೂ ಬೇಜಾರು.

ಮೂರನೇ ಪಟ್ಟಿಯೇ ಕಥೆ: ಮಗುವಿಗೆ ಖಂಡಿತ ಗೊತ್ತಿದೆ ಅಂತ ಅನ್ನಿಸಿರುವ, ಆದರೆ ತಪ್ಪಾಗಿರುವ ಸಂಗತಿಗಳು. ಮಕ್ಕಳು ಅರ್ಥವಾಗದ್ದನ್ನು ಖಾಲಿ ಬಿಡುವುದಿಲ್ಲ. ಕೈಗೆ ಸಿಕ್ಕಿದ ತುಂಡುಗಳನ್ನು ಸೇರಿಸಿ ಒಂದು ಲೆಕ್ಕ ಹೊಂದಿಸಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಅವರಿಗೆ ಅನುಮಾನ ಇರುವುದಿಲ್ಲ. "ಚುನಾವಣೆಗೆ ನಿಲ್ಲುವುದು" ಅಂದರೆ ಬೆಳಗಿನಿಂದ ಸಂಜೆವರೆಗೆ ಕಾಲ ಮೇಲೆ ನಿಂತೇ ಇರುವುದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಜಾಸ್ತಿ ಹೊತ್ತು ನಿಂತವನು ಗೆಲ್ಲುತ್ತಾನೆ. ಅದರಲ್ಲಿ ಕೇಳುವುದಕ್ಕೆ ಏನಿದೆ? ಹಾಗಾಗಿ ಯಾರನ್ನೂ ಕೇಳಲಿಲ್ಲ.

ನನ್ನ ಕಥೆಗೆ ಜೀವ ಬಂದದ್ದು ಇಂಥ ಒಂದು ತಪ್ಪಿನಿಂದ. ಮೂರನೇ ಸಲ ತಿದ್ದುವಾಗ, ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳುವ ಒಂದು ಮಾತು ಬರೆದೆ: "ಸರ ಅಡವಿಗೆ ಹೋಯ್ತು ಕಣ್ರೀ." ಬರೆದವನು ಹಾಗೇ ನಿಂತೆ. ಅಡವು ಇಟ್ಟರೂ "ಅಡವಿಗೆ", ಕಾಡಿಗೆ ಹೋದರೂ "ಅಡವಿಗೆ". ಹುಡುಗನಿಗೆ ಅಡವು ಅಂದರೆ ಗೊತ್ತಿಲ್ಲ. ಅಡವಿ ಗೊತ್ತು, ಅಜ್ಜಿ ಕಥೆಯಲ್ಲಿ ರಾಮ ಹೋಗಿದ್ದು ಅಲ್ಲಿಗೇ. ಅಂದಮೇಲೆ ಸರ ಕಾಡಿನಲ್ಲಿದೆ. ಅವನಿಗೆ ಇದರಲ್ಲಿ ಗೊಂದಲವೇ ಇಲ್ಲ. ಆ ಮನೆಯವರು "ಗಿರವಿ" ಅನ್ನುವ ಊರಿನವರಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದ್ದರಿಂದ ನಿಮ್ಮ ಊರಿನ ಮಾತಿನಲ್ಲೇ ಹುಡುಕಿ. ಒಂದು ಎಚ್ಚರಿಕೆ: ಇಂಥದ್ದು ಒಂದು ಕಥೆಗೆ ಒಂದು ಸಾಕು. "ಬಡ್ಡಿ ಬೆಳೆಯುತ್ತಿದೆ" ಅನ್ನುವುದನ್ನೂ ಹುಡುಗ ಗಿಡ ಬೆಳೆದಂತೆ ಅಂದುಕೊಳ್ಳುತ್ತಾನೆ ಅಂತ ಸೇರಿಸಿದ್ದೆ. ಎರಡನೆಯದು ಬಂದಕೂಡಲೇ ಹುಡುಗ ಕಾಣೆಯಾಗಿ ಕಥೆಗಾರನ ಜಾಣತನ ಮುಂದೆ ಬಂತು. ತೆಗೆದೆ.

ಈ ತಪ್ಪು ನಂಬಿಕೆ ತಮಾಷೆಯದೇ ಆಗಬೇಕಿಲ್ಲ. ಮಾರ್ಕ್ ಟ್ವೇನ್ ಅವರ ಹಕಲ್‌ಬೆರಿ ಫಿನ್ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗ. ಕಾದಂಬರಿ 1884ರ ಕೊನೆಗೆ ಇಂಗ್ಲೆಂಡಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ರಕಟವಾಯಿತು. ಓಡಿಹೋಗುತ್ತಿರುವ ಗುಲಾಮ ಜಿಮ್‌ಗೆ ಸಹಾಯ ಮಾಡಿದರೆ ಪಾಪ, ತನಗೆ ನರಕವೇ ಗತಿ ಅಂತ ಅವನಿಗೆ ಕಲಿಸಿದ್ದಾರೆ. ಅವನು ಅದನ್ನು ಪೂರ್ತಿ ನಂಬುತ್ತಾನೆ. ನಂಬಿಯೂ, ನರಕಕ್ಕೇ ಹೋಗುತ್ತೇನೆ ಅಂತ ನಿರ್ಧರಿಸಿ ಸಹಾಯ ಮಾಡುತ್ತಾನೆ. ಗುಲಾಮಗಿರಿ ತಪ್ಪು ಅಂತ ಅವನ ಬಾಯಲ್ಲಿ ಒಂದು ಭಾಷಣ ಹಾಕಿದ್ದರೆ ಆ ಜಾಗ ಸತ್ತುಹೋಗುತ್ತಿತ್ತು.

ನಮ್ಮಲ್ಲೇ ನೋಡಬೇಕು ಅಂದರೆ ಅನಂತಮೂರ್ತಿಯವರ ‘ಘಟಶ್ರಾದ್ಧ’ ಇದೆ. 1977ರಲ್ಲಿ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ ಮೇಲೆ ಕಥೆ ಓದದವರಿಗೂ ಆ ಹುಡುಗನ ಪರಿಚಯ ಆಯಿತು. ವೇದ ಕಲಿಯಲು ಮನೆ ಬಿಟ್ಟು ಬಂದ ಹುಡುಗ. ಗುರುವಿನ ವಿಧವೆ ಮಗಳು ಬಸಿರಾಗಿದ್ದಾಳೆ. ಅದರ ಅರ್ಥ ಏನು, ಊರು ಏನು ಮಾಡುತ್ತದೆ ಅನ್ನುವುದು ದೊಡ್ಡವರಿಗೆ ಗೊತ್ತು, ಓದುಗರಿಗೆ ಗೊತ್ತು. ಹುಡುಗನ ಕೈಯಲ್ಲಿರುವುದು ಅವಳ ಪ್ರೀತಿ, ಜೊತೆಗೆ ಒಂದಿಷ್ಟು ಹೆದರಿಕೆ. ಅಷ್ಟನ್ನು ಇಟ್ಟುಕೊಂಡೇ ಅವನು ಅವಳ ಹಿಂದೆ ಹೋಗುತ್ತಾನೆ.

ಹೆಜ್ಜೆ 3: ಮಗುವಿಗೆ ಅದರದ್ದೇ ಒಂದು ಕೆಲಸ ಕೊಡಿ

ದೊಡ್ಡವರ ಜಗಳಕ್ಕೆ ಮಗುವನ್ನು ಕ್ಯಾಮೆರಾ ಮಾಡಿ ಮೂಲೆಯಲ್ಲಿ ನಿಲ್ಲಿಸುವುದು ನಾವೆಲ್ಲ ಮಾಡುವ ತಪ್ಪು. ನನ್ನ ಮೊದಲ ಕರಡಿನಲ್ಲಿ ಹುಡುಗ ಹನ್ನೊಂದು ಪುಟ ಬಾಗಿಲ ಹಿಂದೆಯೇ ನಿಂತಿದ್ದ. ಪಾಪ, ಒಂದು ಸಲ ಉಚ್ಚೆಗೂ ಹೋಗಲಿಲ್ಲ.

ಯಾವ ಮಗುವೂ ಇಡೀ ದಿನ ಅಪ್ಪ ಅಮ್ಮನನ್ನು ಗಮನಿಸುತ್ತಾ ಕೂರುವುದಿಲ್ಲ. ಅದಕ್ಕೆ ಕಳೆದುಹೋದ ಗೋಲಿ ಇದೆ, ಹಾಕಬೇಕಾದ ಕಾಪಿ ಇದೆ, ಟೂ ಬಿಟ್ಟ ಗೆಳೆಯ ಇದ್ದಾನೆ. ದೊಡ್ಡವರ ದುಃಖ ಈ ಕೆಲಸಕ್ಕೆ ಅಡ್ಡ ಬಂದಾಗ ಮಾತ್ರ ಅದು ತಲೆ ಎತ್ತಿ ನೋಡುತ್ತದೆ. ಪ್ರೇಮಚಂದರ ‘ಈದ್‌ಗಾಹ್’ ಕಥೆಯ ಹಮೀದ್ ತಾನೇ ಕಥೆ ಹೇಳುವುದಿಲ್ಲ, ಆದರೂ ಈ ಪಾಠ ಅಲ್ಲಿದೆ. ಹಬ್ಬದ ಜಾತ್ರೆ, ಕೈಯಲ್ಲಿ ಮೂರು ಪೈಸೆ, ಜೊತೆಯ ಹುಡುಗರೆಲ್ಲ ಆಟಿಕೆ, ಮಿಠಾಯಿ ಕೊಳ್ಳುತ್ತಿದ್ದಾರೆ. ಅವನು ಅಜ್ಜಿಗೆ ಇಕ್ಕಳ ಕೊಳ್ಳುತ್ತಾನೆ. ಬಡತನದ ವಿಷಯವನ್ನು ಆ ಮೂರು ಪೈಸೆಯೇ ನೋಡಿಕೊಳ್ಳುತ್ತದೆ.

ನನ್ನ ಹುಡುಗನಿಗೂ ಕೆಲಸ ಬೇಕಿತ್ತು. "ಅಡವಿ" ಸಿಕ್ಕಿದ ಮೇಲೆ ಅದೂ ಸಿಕ್ಕಿತು. ಸರ ಕಾಡಿನಲ್ಲಿ ಇದ್ದರೆ ಹೋಗಿ ತರಬೇಕು ತಾನೇ? ಊರ ಕೆರೆಯ ಹಿಂದೆ ನೀಲಗಿರಿ ತೋಪು ಇದೆ. ಅವನ ಮಟ್ಟಿಗೆ ಅದೇ ಅಡವಿ. ಸ್ಕೂಲು ತಪ್ಪಿಸಿ ಹೊರಟ. ಹನ್ನೊಂದು ಪುಟದ ಬಾಗಿಲು ಅಲ್ಲಿಗೆ ಮುಚ್ಚಿತು.

ಹೆಜ್ಜೆ 4: ನೆಲದ ಮೇಲೆ ಕೂತು ನೋಡಿ

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಐದು ವರ್ಷದ ಮಗುವಿನ ನಡುಮಟ್ಟದ ಎತ್ತರ ಸುಮಾರು 110 ಸೆಂಟಿಮೀಟರ್. ಕಣ್ಣು ಅದಕ್ಕಿಂತ ಕೆಳಗೆ. ನಿಮ್ಮ ಅಡುಗೆಮನೆಯಲ್ಲಿ ಅಷ್ಟು ಎತ್ತರಕ್ಕೆ ಬಗ್ಗಿ ನಿಂತು ಸುತ್ತ ನೋಡಿ. ಕಟ್ಟೆಯ ಮೇಲೆ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಗ್ಯಾಸ್ ಸಿಲಿಂಡರಿನ ತುಕ್ಕು ಕಾಣುತ್ತದೆ. ಅಮ್ಮನ ಸೀರೆಯ ನೆರಿಗೆ, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿ, ಅದರಲ್ಲಿ ಕಟ್ಟಿದ ಚಿಲ್ಲರೆ ಗಂಟು ಕಾಣುತ್ತದೆ. ಊಟದ ಮೇಜಿನ ಅಡಿಯಲ್ಲಿ ಯಾರೋ ಅಂಟಿಸಿದ ಚೂಯಿಂಗ್ ಗಮ್ ಕಾಣುತ್ತದೆ. ಮನೆಗೆ ಬಂದವರ ಮುಖಕ್ಕಿಂತ ಮೊದಲು ಅವರ ಕೈಚೀಲ ಕಾಣುತ್ತದೆ, ಒಳಗೆ ತಿಂಡಿ ಇದೆಯಾ ಅಂತ.

ಕೊಟ್ಟ ಸಾಲ ವಾಪಸ್ ಕೇಳಲು ಬಂದವನ ಮುಖ ವರ್ಣಿಸಲು ನಾನು ಅರ್ಧ ಪುಟ ಒದ್ದಾಡಿದ್ದೆ. ಕೊನೆಗೆ ಉಳಿದದ್ದು ಬಾಗಿಲ ಹತ್ತಿರ ಬಿಟ್ಟ ಅವನ ಬೂಟು. "ಬೂಟಿನೊಳಗೆ ಕಾಲುಚೀಲ ಸುರುಳಿ ಸುತ್ತಿ ಇಟ್ಟಿದ್ದರು, ಒದ್ದೆ ಇತ್ತು." ಸಾಕು, ಅವನು ಬಂದು ಕೂತ ಹಾಗಾಯಿತು.

ಹೆಜ್ಜೆ 5: ಭಾಷೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕನ್ನಡದಲ್ಲಿ ಮಗುವಿನ ಧ್ವನಿ ನಿಲ್ಲುವುದೂ ಬೀಳುವುದೂ ಇಲ್ಲೇ.

ಮೊದಲು ಕ್ರಿಯಾಪದದ ಬಾಲ. "ಹೋಗಿದ್ದೆನು, ನೋಡಿದೆನು" ಅಂದರೆ ಮಗು ಸತ್ತಿತು. "ಹೋಗಿದ್ದೆ, ನೋಡಿದೆ" ಅಂದರೆ ಉಸಿರಾಡುತ್ತದೆ. ಪೂರ್ತಿ ಆಡುಮಾತಿಗೆ ಇಳಿಯಬಹುದು, "ಹೋಗ್ತೀನಿ, ಬರತ್ತೆ" ಅಂತ. ಇಳಿದರೆ ಯಾವ ಊರಿನ ಆಡುಮಾತು ಅಂತ ಮೊದಲೇ ತೀರ್ಮಾನ ಮಾಡಿ. ಮೈಸೂರಿನ ಕಡೆಯ ಹುಡುಗ ಮೂರನೇ ಪುಟದಲ್ಲಿ ಇದ್ದಕ್ಕಿದ್ದಂತೆ ಧಾರವಾಡದವನಾಗಬಾರದು. ನಿಮಗೆ ಸರಿಯಾಗಿ ಬರುವುದು ನೀವು ಬೆಳೆದ ಊರಿನ ಮಾತು ಮಾತ್ರ. ಬೇರೆ ಕಡೆಯದು ಬೇಕೇ ಬೇಕು ಅಂದರೆ ಆ ಕಡೆಯವರೊಬ್ಬರಿಗೆ ಓದಿಸಿ, ಬೈಸಿಕೊಳ್ಳಿ.

ತೊದಲು ಬೇಡ. "ನಂಗೆ ಲೊಟ್ಟಿ ಬೇಕು" ಅಂತ ಮಗು ಹೇಳಿದ್ದು ದೊಡ್ಡವರಿಗೆ ಹಾಗೆ ಕೇಳಿಸುತ್ತದೆ. ಮಗುವಿನ ತಲೆಯಲ್ಲಿ ಅದು ಸರಿಯಾಗಿಯೇ "ರೊಟ್ಟಿ". ಕಥೆ ಹೇಳುತ್ತಿರುವುದು ಮಗುವೇ ಆದರೆ ಅದಕ್ಕೆ ತನ್ನ ತೊದಲು ಕೇಳಿಸುವುದೇ ಇಲ್ಲ, ಅಲ್ವಾ?

ಈಗ ಕನ್ನಡ ನಮಗೆ ಪುಕ್ಕಟೆ ಕೊಟ್ಟಿರುವ ಒಂದು ಆಸ್ತಿ: "ಅಂತೆ". ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಇದೊಂದೇ ಬಾಲ ಬೇರೆ ಮಾಡುತ್ತದೆ. "ಅಪ್ಪನಿಗೆ ಹುಷಾರಿಲ್ಲ" ಅಂದರೆ ಮಗು ನೋಡಿದೆ. "ಅಪ್ಪನಿಗೆ ಹುಷಾರಿಲ್ಲವಂತೆ" ಅಂದರೆ ಯಾರೋ ಹೇಳಿದ್ದಾರೆ, ಬಹುಶಃ ಸುಳ್ಳು ಹೇಳಿದ್ದಾರೆ. ಮಗು ನಂಬಿದೆ, ಓದುಗರು ನಂಬುವುದಿಲ್ಲ. ಕರಡು ಮುಗಿದ ಮೇಲೆ ಎಲ್ಲ "ಅಂತೆ"ಗಳಿಗೂ ಗೀಟು ಎಳೆದು ಒಂದು ಸಲ ನೋಡಿ. ಕೇಳಿದ ಮಾತಿಗೆಲ್ಲ ಇದೆಯಾ? ಕಂಡದ್ದಕ್ಕೆ ಎಲ್ಲಾದರೂ ತಪ್ಪಿ ಅಂಟಿಕೊಂಡಿದೆಯಾ?

ಇನ್ನೊಂದು ಆಸ್ತಿ ನೀನು–ನೀವು. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ "ನೀನು", ಅಪ್ಪನಿಗೆ "ನೀವು". ಯಾರಿಗೆ ಯಾವುದು ಅನ್ನುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ, ಏಟು ತಿಂದು ಕಲಿತಿರುತ್ತಾರೆ. ಆ ಲೆಕ್ಕ ತಪ್ಪಿದರೆ ಅವರಿಗೆ ತಟ್ಟನೆ ಕಿವಿಗೆ ಬೀಳುತ್ತದೆ. ಅವಮಾನ ಅನ್ನುವ ಪದ ಗೊತ್ತಿಲ್ಲದ ಹುಡುಗ ಅವಮಾನವನ್ನು ಹೀಗೆ ಹೇಳಬಲ್ಲ: "ಆ ಅಂಕಲ್ ಅಪ್ಪನಿಗೆ ‘ನೀನು’ ಅಂದ್ರು. ಅಪ್ಪ ಅವರಿಗೆ ‘ನೀವು’ ಅಂದ್ರು. ಅಪ್ಪನಿಗೆ ಮೀಸೆ ಇದೆ, ಆ ಅಂಕಲ್‌ಗೆ ಇಲ್ಲ."

ಹೆಸರಿನ ವಿಷಯವೂ ಹೀಗೇ. ಮಗುವಿಗೆ ಅಮ್ಮ ಅಂದರೆ ಅಮ್ಮ. ಯಾರೋ ಅವಳನ್ನು ಹೆಸರು ಹಿಡಿದು ಕರೆದರೆ ಅದು ಬೆಚ್ಚಿಬೀಳುವ ಸಂಗತಿ. ಮನೆಗೆ ಬರುವವರೆಲ್ಲ ಮಾಮ, ಅಂಕಲ್, ಆಂಟಿ. ಯಾವ ಮಾಮ ನಿಜವಾದ ಮಾಮ, ಯಾವ ಮಾಮ ಅಲ್ಲ ಅನ್ನುವುದು ಬೇಕಾದರೆ ಒಂದು ಕಥೆಯೇ ಆಗುತ್ತದೆ.

ತೆಗೆದುಹಾಕಬೇಕಾದ ಪದಗಳು: ವಿಷಾದ, ಶೂನ್ಯ, ನಿಟ್ಟುಸಿರು, ಅಸಹಾಯಕತೆ, ಕಣ್ಣಂಚು. "ಯಾಕೋ" ಅನ್ನುವುದನ್ನೂ ಅನುಮಾನದಿಂದ ನೋಡಿ. "ಯಾಕೋ ಅಪ್ಪ ಸುಮ್ಮನಾದರು" ಅನ್ನುವಾಗ, ಕಾರಣ ಗೊತ್ತಿರುವ ದೊಡ್ಡವನು ಗೊತ್ತಿಲ್ಲದ ಹಾಗೆ ನಟಿಸುತ್ತಿರುತ್ತಾನೆ. ಮಗುವಾದರೆ ಕಾರಣವನ್ನೂ ಹೇಳಿಬಿಡುತ್ತದೆ, ತಪ್ಪು ಕಾರಣ. ಹೋಲಿಕೆಗಳು ಇರಲಿ, ಆದರೆ ಮಗು ಮುಟ್ಟಿದ ವಸ್ತುಗಳಿಂದ ಬರಲಿ. ಅಜ್ಜನ ಕೈ ಒಣಗಿದ ನದಿಯ ಹಾಗೆ ಇರುವುದು ಬೇಡ, ಹಳೇ ಸ್ಕೂಲ್ ಬ್ಯಾಗಿನ ಹಾಗೆ ಇರಲಿ.

ಪೇಟೆಯ ಮಗುವಾದರೆ ಇಂಗ್ಲಿಷ್ ಬರುತ್ತದೆ, ತಡೆಯಬೇಡಿ. ಮಿಸ್ಸು, ರಫ್ ನೋಟು, ಪ್ರಾಮಿಸ್ಸು, ಎಲ್ಲ ಕನ್ನಡವೇ ಈಗ. ಹೊರದೇಶದಲ್ಲಿ ಬೆಳೆಯುವ ಕನ್ನಡದ ಮಗು ಅಣ್ಣನ ಹತ್ತಿರ ಇಂಗ್ಲಿಷಿನಲ್ಲಿ ಜಗಳ ಆಡಿ, ವಿಡಿಯೋ ಕಾಲಿನಲ್ಲಿ ಅಜ್ಜಿಗೆ ಮಾತ್ರ ಕನ್ನಡದಲ್ಲಿ ದೂರು ಹೇಳುತ್ತದೆ. ಆ ದೂರಿನ ಕನ್ನಡದಲ್ಲೇ ಇಡೀ ಕಥೆ ಬರೆಯಬಹುದು. ಯಾರಾದರೂ ಬರೆದರೆ ನನಗೆ ಓದುವ ಆಸೆ.

ಹೆಜ್ಜೆ 6: ದೊಡ್ಡವರ ಮಾತನ್ನು ಅರ್ಧಕ್ಕೆ ಕತ್ತರಿಸಿ

ದೊಡ್ಡವರು ಮಕ್ಕಳ ಮುಂದೆ ಪೂರ್ತಿ ಮಾತಾಡುವುದಿಲ್ಲ. "ಆಮೇಲೆ ಹೇಳ್ತೀನಿ", "ಇವನು ಇದಾನೆ" ಅಂತ ಕಣ್ಣಲ್ಲೇ ತೋರಿಸುತ್ತಾರೆ. ಕೆಲವು ಮನೆಗಳಲ್ಲಿ ಭಾಷೆಯೇ ಬದಲಾಗುತ್ತದೆ. ಇಂಗ್ಲಿಷಿಗೆ ಹೋಗುತ್ತಾರೆ, ಮಗು ಇಂಗ್ಲಿಷ್ ಕಲಿತ ಮೇಲೆ ಅಕ್ಷರ ಬಿಡಿಸಿ ಹೇಳುತ್ತಾರೆ. ಮಗುವಿಗೆ ಅರ್ಥ ಸಿಗದಿದ್ದರೂ ಸದ್ದು ಸಿಗುತ್ತದೆ. ಭಾಷೆ ಬದಲಾಯಿತು ಅಂದರೆ ಏನೋ ಇದೆ ಅಂತಲೂ ಗೊತ್ತಾಗುತ್ತದೆ. ಆದ್ದರಿಂದ ಬಾಗಿಲ ಹಿಂದೆ ನಿಂತು ಪೂರ್ತಿ ವಿವರ ಕೇಳಿಸಿಕೊಳ್ಳುವ ದೃಶ್ಯ ಬರೆಯಬೇಡಿ. ಮೂರು ತುಂಡು ಕೇಳಿಸಲಿ, ನಡುವೆ ಮಿಕ್ಸಿ ಓಡಲಿ.

ಹೆಜ್ಜೆ 7: ತಿದ್ದುವುದು, ಹತ್ತಿರದಿಂದ

ನನ್ನ ಮೊದಲ ಕರಡಿನ ಒಂದು ತುಂಡು ಇಲ್ಲಿದೆ. ನಾಚಿಕೆ ಬಿಟ್ಟು ತೋರಿಸುತ್ತಿದ್ದೇನೆ.

"ಆ ದಿನದಿಂದ ನಮ್ಮ ಮನೆಯಲ್ಲಿ ವಿಷಾದ ಆವರಿಸಿತು. ಪ್ರೀತಿಯ ಸರವನ್ನು ಕಳೆದುಕೊಂಡ ಅಮ್ಮ ಒಳಗೊಳಗೇ ಕೊರಗುತ್ತಿದ್ದಳು. ಸಾಲದ ಭಾರಕ್ಕೆ ಅಪ್ಪ ಕುಗ್ಗಿಹೋಗಿದ್ದರು. ನನ್ನ ಪುಟ್ಟ ಮನಸ್ಸಿಗೆ ಏನೂ ಅರ್ಥವಾಗುತ್ತಿರಲಿಲ್ಲ."

"ಪುಟ್ಟ ಮನಸ್ಸು" ನೋಡಿ. ತನ್ನ ಮನಸ್ಸು ಪುಟ್ಟದು ಅಂತ ಯಾವ ಮಗುವಿಗೆ ಅನ್ನಿಸುತ್ತದೆ? ಎರಡನೇ ಕ್ಲಾಸಿನವನು ಒಂದನೇ ಕ್ಲಾಸಿನವನನ್ನು "ಚಿಕ್ಕ ಮಕ್ಕಳು" ಅನ್ನುತ್ತಾನೆ. ತನ್ನ ಲೆಕ್ಕದಲ್ಲಿ ಅವನು ಆಗಲೇ ದೊಡ್ಡವನು.

ನಾಲ್ಕನೇ ಕರಡಿನಲ್ಲಿ ಅದೇ ಜಾಗ ಹೀಗಾಯಿತು:

"ಅಮ್ಮನ ಸರ ಅಡವಿಗೆ ಹೋಗಿದೆಯಂತೆ. ಪಕ್ಕದ್ಮನೆ ಆಂಟಿ ಹತ್ರ ಅಮ್ಮನೇ ಹೇಳಿದ್ದು. ಯಾವಾಗ ಬರತ್ತೆ ಅಂತ ಆಂಟಿ ಕೇಳಿದ್ರು. ಮಳೆಗಾಲ ಕಳೀಲಿ ಅಂದ್ಲು ಅಮ್ಮ. ಅಡವೀಲಿ ಮಳೆ ಜಾಸ್ತಿ. ಆದ್ರೂ ಸರಕ್ಕೆ ಏನೂ ಆಗಲ್ಲ, ಅಮ್ಮ ಸ್ನಾನಕ್ಕೆ ಹೋಗುವಾಗ್ಲೂ ಅದನ್ನ ತೆಗೀತಿರ್ಲಿಲ್ಲ. ಈಗ ಅಲ್ಲಿ ಅರಿಶಿನದ ದಾರ ಇದೆ. ದಾರ ನೆನೆದ್ರೆ ಹಳದಿ ನೀರು ಬರತ್ತೆ. ಅಮ್ಮನ ರವಿಕೆಗೆಲ್ಲ ಹಳದಿ. ಅಪ್ಪ ಅದನ್ನ ನೋಡಿದ್ರೆ ಊಟ ಬಿಟ್ಟು ಎದ್ದು ಹೋಗ್ತಾರೆ. ಅಪ್ಪಂಗೆ ಹಳದಿ ಬಣ್ಣ ಇಷ್ಟ ಇಲ್ಲ."

ಕೊನೆಯ ವಾಕ್ಯಕ್ಕಾಗಿ ಒಂದು ವಾರ ಕಾದೆ. ಮೊದಲು "ಅಪ್ಪ ಯಾಕೆ ಎದ್ದು ಹೋಗ್ತಾರೋ" ಅಂತ ಇತ್ತು. ಪ್ರಶ್ನೆ ಕೇಳಿದರೆ ಓದುಗರು ಉತ್ತರ ಹೇಳಿ ಮುಂದೆ ಹೋಗುತ್ತಾರೆ. ಹುಡುಗನೇ ತಪ್ಪು ಉತ್ತರ ಕೊಟ್ಟರೆ ಓದುಗರು ಅಲ್ಲೇ ನಿಲ್ಲುತ್ತಾರೆ.

ನಿಮ್ಮ ಕರಡಿಗೆ ಎರಡು ಪರೀಕ್ಷೆ. ಒಂದು, ನಿರೂಪಕನ ವಯಸ್ಸನ್ನು ಸುಮ್ನೆ 37 ಅಂತ ಬದಲಾಯಿಸಿ ಮತ್ತೆ ಓದಿ. ಎಲ್ಲೂ ಏನೂ ಮುರಿಯದಿದ್ದರೆ ಅಲ್ಲಿ ಮಗು ಇರಲೇ ಇಲ್ಲ. ಎರಡು, ಗಟ್ಟಿಯಾಗಿ ಓದಿ. ಒಂದೇ ಉಸಿರಿಗೆ ಹೇಳಲಾಗದ ವಾಕ್ಯ ಸಿಕ್ಕರೆ ಒಡೆಯಿರಿ. ಆದರೆ "ಆಮೇಲೆ, ಆಮೇಲೆ" ಅಂತ ಓಡುವ ಉದ್ದ ವಾಕ್ಯವನ್ನು ಬಿಡಿ, ಖುಷಿಯಾದಾಗ ಮಕ್ಕಳು ಮಾತಾಡುವುದೇ ಹಾಗೆ.

ಮಾತು ಕೇಳಿಸಿಕೊಳ್ಳಲು ಬೇರೆಯವರ ಮಕ್ಕಳ ಹಿಂದೆ ಫೋನ್ ಹಿಡಿದು ಹೋಗಬೇಡಿ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕಿವಿ ತೆರೆದಿದ್ದರೆ ಸಾಕು. ಅದಕ್ಕಿಂತ ಒಳ್ಳೆಯದು, ಹತ್ತು ವರ್ಷದ ಒಳಗೆ ನೀವು ನಂಬಿದ್ದ ತಪ್ಪುಗಳ ಪಟ್ಟಿ ಮಾಡುವುದು. ಮೊದಲ ಐದು ಬೇಗ ಬರುತ್ತವೆ. ಕಥೆ ಇರುವುದು ಹತ್ತನೆಯದರ ನಂತರ.

ಹೆಜ್ಜೆ 8: ಕೊನೆಯಲ್ಲಿ ಮಗುವನ್ನು ದೊಡ್ಡವರನ್ನಾಗಿ ಮಾಡಬೇಡಿ

ಕೊನೆಯ ಪ್ಯಾರಾದಲ್ಲಿ ಎಲ್ಲ ಅರ್ಥವಾಗಿ, ಮಗು ಅಮ್ಮನ ಕಣ್ಣೀರು ಒರೆಸುವುದು ಸುಲಭದ ದಾರಿ. ಅದಕ್ಕಿಂತ ಚೆಂದದ ಒಂದು ಸುಲಭದ ದಾರಿಯೂ ನನಗೆ ಸಿಕ್ಕಿತ್ತು. ಹುಡುಗ ತೋಪಿನಲ್ಲಿ ಒಂದು ಕಕ್ಕೆ ಮರ ನೋಡುತ್ತಾನೆ, ಸರದ ಹಾಗೆ ತೂಗುವ ಹಳದಿ ಹೂವು ತಂದು ಅಮ್ಮನಿಗೆ ಕೊಡುತ್ತಾನೆ. ಬರೆದು ಬೀಗಿದೆ. ಮಾರನೆಯ ದಿನ ಓದಿದಾಗ ಗ್ರೀಟಿಂಗ್ ಕಾರ್ಡಿನ ವಾಸನೆ ಬಂತು. ಜೊತೆಗೆ, ಅಪ್ಪನಿಗೆ ಹಳದಿ ಇಷ್ಟ ಇಲ್ಲ ಅಂತ ಅವನೇ ಹೇಳಿದ್ದಾನೆ. ಅವನು ಆ ಹೂವು ತರುವವನಲ್ಲ.

ಹಾಗಾದರೆ ಏನು ಮಾಡುತ್ತಾನೆ? ತೋಪು ಪೂರ್ತಿ ಹುಡುಕುತ್ತಾನೆ. ಐದೇ ಸಾಲು ಮರ, ಆಚೆ ಕಡೆ ರಸ್ತೆ ಕಾಣುತ್ತದೆ. ಕೆಸರಿನಲ್ಲಿ ಒಂದು ಚಪ್ಪಲಿ ಕಳೆದುಕೊಂಡು ವಾಪಸ್ ಬರುತ್ತಾನೆ. ಚಪ್ಪಲಿಗಾಗಿ ಅಮ್ಮ ಎರಡು ಏಟು ಹಾಕುತ್ತಾಳೆ. ಕಥೆಯ ಕೊನೆಯ ಸಾಲುಗಳು: "ಅಡವೀಲಿ ಸರ ಇಲ್ಲ. ನಾನು ಎಲ್ಲ ಕಡೆ ನೋಡಿದೆ. ಅಮ್ಮಂಗೆ ಹೇಳಲಿಲ್ಲ."

ಮೊದಲ ಸಾಲಿನಲ್ಲಿದ್ದ "ಅಂತೆ" ಇಲ್ಲಿ ಇಲ್ಲ. ಈಗ ಅವನು ಕಣ್ಣಾರೆ ನೋಡಿ ಬಂದವನು. ಅಮ್ಮನಿಗೆ ಗೊತ್ತಿಲ್ಲದ ಒಂದು ಕೆಟ್ಟ ಸುದ್ದಿ ತನ್ನ ಹತ್ತಿರ ಇದೆ ಅಂತ ಅವನ ನಂಬಿಕೆ. ಇಷ್ಟು ದಿನ ಮನೆಯವರು ಅವನಿಂದ ಮುಚ್ಚಿಟ್ಟರು, ಈಗ ಅವನು ಅವರಿಂದ ಮುಚ್ಚಿಡುತ್ತಿದ್ದಾನೆ.

ಇದನ್ನೂ ಆ ಗೆಳೆಯನಿಗೇ ಕೊಟ್ಟೆ. ಈ ಸಲವೂ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದ: "ಯಾವ ಕಾಲಿನ ಚಪ್ಪಲಿ?"

ಎಡಗಾಲಿನದು. ಕಥೆಯಲ್ಲಿ ಬರೆದಿರಲಿಲ್ಲ, ಆದರೆ ನನಗೆ ಗೊತ್ತಿತ್ತು.